ಮಂಜು, ಕೊಡೆ, ಗುಮ್ಮಟ

"ಕಕ್ಕಡದ ಮಳೇಲಿ ಕಪ್ಪು ಬಿಳುಪಾ? ಬರೀ ಬೂದಿ ಬರ್ತದೆ ಮಾರಾಯ" ಎಂದು, ಕೊಡಗಿನ ಆ ಜಡಿಮಳೆಯ ತಿಂಗಳಲ್ಲಿ ನಾನು ಮಡಿಕೇರಿಯ ಜನರ ಮುಖಗಳನ್ನು ಫಿಲಂ ಕ್ಯಾಮೆರಾದಲ್ಲಿ ತೆಗೆಯಲು ಹೊರಟಾಗ ನಕ್ಕವರೇ ಈಗ ಪ್ರಿಂಟ್ ಕೇಳುತ್ತಿದ್ದಾರೆ. ಅವರಂದದ್ದು ಸುಳ್ಳೂ ಅಲ್ಲ. ಮೊದಲ ನಾಲ್ಕು ರೋಲ್ ಬೂದಿಯೇ. ಎಚ್‌ಪಿ5 ಎಂಬ ಕಪ್ಪು ಬಿಳುಪು ಫಿಲಂ ರೋಲ್ ಒಂದಕ್ಕೆ ಆಗ ಎಂಟುನೂರೋ ಒಂಬೈನೂರೋ ಕೊಟ್ಟ ನೆನಪು. ಜೊತೆಗೆ 50 ಎಂಎಂ ಲೆನ್ಸಿಗೆ ಫಂಗಸ್. ಬಿಚ್ಚಿ ಒರೆಸಿದವನು ಎರಡೂವರೆ ಸಾವಿರ ಕಿತ್ತ. ಅಂದಿನಿಂದ ಕ್ಯಾಮೆರಾಗಳ ವಾಸ ಬಲ್ಬ್ ಉರಿಸಿಟ್ಟ ಟ್ರಂಕಿನಲ್ಲಿ.

ಆ ನಾಲ್ಕು ರೋಲಿನಲ್ಲಿ ಮುಖ, ಹಿಂದಿನ ಓಂಕಾರೇಶ್ವರ ದೇವಸ್ಥಾನದ ಗುಮ್ಮಟ, ಆಕಾಶ ಎಲ್ಲ ಒಂದೇ ಬಣ್ಣ. ಮಂಜಿನಲ್ಲಿ ಬೆಳಕಿನ ಮೀಟರ್ ನಂಬಿದ್ದು ಒಂದು ತಪ್ಪು. ದೊಡ್ಡ ತಪ್ಪು, ಜನರನ್ನು ಗುಮ್ಮಟದ ಹತ್ತಿರವೇ ನಿಲ್ಲಿಸಿದ್ದು. ಕೆರೆಯ ಈಚೆ ದಡಕ್ಕೆ ಕರೆತಂದು, ಆರಡಿಯಿಂದ, ಮುಖಕ್ಕೇ ಅಳತೆ ಹಿಡಿದು ತೆಗೆದೆ. ಹಿಂದಿನ ತಂತಿ, ಲಾಡ್ಜು ಎಲ್ಲವನ್ನೂ ಮಂಜು ನುಂಗಿತು. 1820ರ ಆ ಗುಮ್ಮಟ, ಮೂಲೆಯ ಮಿನಾರುಗಳು ಪೆನ್ಸಿಲಿನಲ್ಲಿ ಗೀಚಿದಂತೆ ಉಳಿದವು. ರಾಜರ ಸಮಾಧಿಗಳಿರುವ ಗದ್ದಿಗೆಯಲ್ಲೂ ಇದೇ ಲೆಕ್ಕ. ಫಿಲಂ 800ಕ್ಕೆ ಪುಷ್, ಅಂದರೆ ಹೆಚ್ಚು ವೇಗದ್ದೆಂದು ಎಣಿಸಿ ತೆಗೆದು ಹೆಚ್ಚು ಹೊತ್ತು ತೊಳೆಯುವುದು (ಡೆವಲಪ್ ಮಾಡುವುದು); ತೊಳೆಯುವ ರಾಸಾಯನಿಕ ಡಿ-76.

ಆದರೂ ಕಣ್ಣುಗುಳಿ ಕಪ್ಪು. ಅದು ಸರಿಹೋದದ್ದು ಶುಕ್ರವಾರದ ಸಂತೆಯಲ್ಲಿ. ಕಣಿಲೆ ಮಾರುವ ಅಜ್ಜಿಯೊಬ್ಬರು ಕರಿ ಕೊಡೆ ಮಡಚಲು ಒಪ್ಪಲಿಲ್ಲ. "ಪಟಕ್ಕೋಸ್ಕರ ನಾನು ನೆನೀಬೇಕಾ ಮಗ?" ಬೇಜಾರಿನಲ್ಲೇ ಒಂದು ತೆಗೆದೆ. ನೆಗೆಟಿವ್ ನೋಡಿದಾಗ ತಿಳಿಯಿತು: ಕೊಡೆ ಮೇಲಿನ ಬೆಳಕನ್ನು ತಡೆದಿದೆ, ಎದುರಿನ ಬೆಳಕು ಸೀದಾ ಕಣ್ಣಿಗಿಳಿದಿದೆ. ಈಗ ನನ್ನ ಬ್ಯಾಗಿನಲ್ಲಿ ಎರಡು ಕರಿ ಕೊಡೆ. ಬಣ್ಣದ ಮಡಚು ಕೊಡೆ ಆಗದು, ಬೆಳಕು ಸೋರುತ್ತದೆ. ಎಷ್ಟು ವಾಲಿಸಬೇಕು ಎಂಬುದನ್ನು ನೀವೇ ಕಂಡುಕೊಳ್ಳಿ. ನನಗದಕ್ಕೆ ಹನ್ನೆರಡು ರೋಲ್ ಹಿಡಿಯಿತು. ಅಜ್ಜಿಗೆ ಪ್ರಿಂಟ್ ಕೊಟ್ಟೆ. "ಕೊಡೆ ಚೆನ್ನಾಗಿ ಬಂದಿದೆ" ಅಂದರು.

ನಡುವೆ ಕಾಫಿ ಹುಚ್ಚೂ ಹಿಡಿದಿತ್ತು. ಕೊಡಗಿನಲ್ಲಿದ್ದು ಕಾಫಿಯಲ್ಲಿ ಫಿಲಂ ತೊಳೆಯದಿದ್ದರೆ ಹೇಗೆ? ಚಿಕೋರಿ ಬೆರೆತ ಫಿಲ್ಟರ್ ಪುಡಿಯಲ್ಲಿ ರೋಲಿಗೆ ರೋಲೇ ಮಾಯ. ಅಗ್ಗದ ಇನ್‌ಸ್ಟಂಟ್ ಪುಡಿ ಕೆಲಸ ಮಾಡಿತು: ಲೀಟರಿಗೆ 40 ಗ್ರಾಂ, ವಾಷಿಂಗ್ ಸೋಡಾ 54, ವಿಟಮಿನ್ ಸಿ 16, ಹದಿನೈದು ನಿಮಿಷ. ಹೊರಗಿನ ಮಂಜು ಸಾಲದೆಂದು ಫಿಲಂನಲ್ಲೂ ಮಂಜಿನಂಥ ಮಬ್ಬು ಕೂತಿತು; ಒಂದು ಗ್ರಾಂ ಪೊಟ್ಯಾಸಿಯಂ ಬ್ರೋಮೈಡ್ ಸೇರಿಸಿದ ಮೇಲೆ ಇಳಿಯಿತು. ಆ ವಾಸನೆಗೆ ಮನೆಯವಳು ನನ್ನನ್ನು ದನದ ಕೊಟ್ಟಿಗೆಗೆ ಅಟ್ಟಿದಳು, ಈಗಲೂ ಅಲ್ಲೇ ತೊಳೆಯುವುದು. ಆ ಥಂಡಿಯಲ್ಲಿ ಫಿಲಂ ಹೇಗೆ ಒಣಗಿಸುತ್ತೇನೆಂದು ಮಾತ್ರ ಕೇಳಬೇಡಿ.