ಕಂಡಿದ್ದನ್ನೇ ಬರೆಯಿರಿ: ಬಿಎಸ್ಸಿಯಲ್ಲಿ ಬಯಾಲಜಿ ಓದುವವರಿಗೆ

ನಮ್ಮ ಪಕ್ಕದ ಮನೆಯ ಹುಡುಗಿ ಈ ವರ್ಷ ಬಿಎಸ್ಸಿಗೆ ಸೇರಿದ್ದಾಳೆ. ಬಾಟನಿ, ಜುವಾಲಜಿ ತಗೊಂಡಿದ್ದಾಳೆ. ನೀಟ್‌ನಲ್ಲಿ ಸೀಟು ಸಿಗಲಿಲ್ಲ ಅನ್ನುವ ಬೇಜಾರು ಇನ್ನೂ ಹೋಗಿಲ್ಲ. "ಅಕ್ಕಾ, ಇದನ್ನ ಹೇಗೆ ಓದೋದು? ಎಲ್ಲಾ ಬಾಯಿಪಾಠ ಮಾಡಬೇಕಾ?" ಅಂತ ಮೊನ್ನೆ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಸಾಗರದ ಕಡೆಯ ಅಡಿಕೆ ತೋಟದ ಮನೆಯವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಈಗ ಸಸ್ಯಶಾಸ್ತ್ರದಲ್ಲಿ ಎಂಎಸ್ಸಿ ಎರಡನೇ ವರ್ಷ.

ಮೊದಲ ಸೆಮಿಸ್ಟರ್‌ನಲ್ಲಿ ನಾನೂ ಬಾಯಿಪಾಠವನ್ನೇ ನಂಬಿದ್ದೆ. ರೆಕಾರ್ಡ್ ಬುಕ್ಕೂ ಹಾಗೇ. ಸೀನಿಯರ್ ಒಬ್ಬರ ರೆಕಾರ್ಡ್ ತಂದು, ರಾತ್ರಿ ಕೂತು, ಚಿತ್ರಗಳನ್ನು ಒಂದು ಗೆರೆಯೂ ತಪ್ಪದ ಹಾಗೆ ಇಳಿಸಿದ್ದೆ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಸೂರ್ಯಕಾಂತಿ ಕಾಂಡದ ಚಿತ್ರ ನೋಡಿದರು. ಆಮೇಲೆ ನಾನೇ ಮಾಡಿದ್ದ ಸ್ಲೈಡನ್ನು ಮೈಕ್ರೋಸ್ಕೋಪಿಗೆ ಇಟ್ಟು, "ಚಿತ್ರ ಚೆನ್ನಾಗಿ ಬರೆದಿದ್ದೀಯಮ್ಮಾ. ಇದರಲ್ಲಿ ಕ್ಸೈಲಂ ಎಲ್ಲಿದೆ, ತೋರಿಸು" ಅಂದರು. ಸ್ಯಾಫ್ರನಿನ್ ಬಣ್ಣ ಜಾಸ್ತಿಯಾಗಿ ನನ್ನ ಸೆಕ್ಷನ್, ಅಂದರೆ ಕಾಂಡದ ತೆಳು ಸೀಳು, ಪೂರ್ತಿ ಕೆಂಪಾಗಿತ್ತು. ಕ್ಸೈಲಂ ಅಂದರೆ ಗಿಡದಲ್ಲಿ ನೀರು ಸಾಗಿಸುವ ಅಂಗಾಂಶ. ಪುಸ್ತಕದಲ್ಲಿ ಅದು ಒಂದು ಬಾಣದ ಗುರುತಿನ ತುದಿಯಲ್ಲಿತ್ತು. ಇಲ್ಲಿ ಬಾಣ ಇರಲಿಲ್ಲ. ನನಗೆ ತೋರಿಸಲು ಆಗಲಿಲ್ಲ.

ಅವರು ಬೈಯಲಿಲ್ಲ. "ಕಂಡಿದ್ದನ್ನು ಬರೆಯೋದು ಕಲಿ" ಅಂತಷ್ಟೇ ಹೇಳಿ ಮುಂದಿನವರನ್ನು ಕರೆದರು. ಬಸ್ಸಿನಲ್ಲಿ ಮನೆಗೆ ಬರುವಾಗ ಆ ಮಾತೇ ತಲೆಯಲ್ಲಿತ್ತು.

ಮೊದಲು ನೋಡಿ, ಆಮೇಲೆ ಪುಸ್ತಕ

ನೀವು ಮಾಡಬೇಕಾದ ಮೊದಲ ಕೆಲಸ ಇದು. ಎರಡು ನೋಟ್‌ಬುಕ್ ಇಡಿ. ಒಂದು ಕಾಲೇಜಿಗೆ ಕೊಡುವ ರೆಕಾರ್ಡ್. ಇನ್ನೊಂದು ಗೆರೆ ಇಲ್ಲದ ಬಿಳಿ ಹಾಳೆಯದು, ನಿಮ್ಮದೇ. ಸ್ಲೈಡ್ ಇಟ್ಟ ಮೇಲೆ ಹತ್ತು ನಿಮಿಷ ಪುಸ್ತಕ ಮುಟ್ಟಬೇಡಿ. ಕಂಡಿದ್ದನ್ನು ಪೆನ್ಸಿಲ್‌ನಲ್ಲಿ ಬಿಳಿ ಹಾಳೆಗೆ ಇಳಿಸಿ. ಗಾಳಿಗುಳ್ಳೆ ಕಂಡರೆ ಅದನ್ನೂ ಬರೆಯಿರಿ. ಸೆಕ್ಷನ್ ಓರೆಯಾಗಿದ್ದರೆ ಓರೆಯಾಗಿಯೇ ಬರೆಯಿರಿ. ದಿನಾಂಕ, ಗಿಡದ ಹೆಸರು, ಯಾವ ಲೆನ್ಸ್ ಅಂತ ಪಕ್ಕದಲ್ಲಿ ಹಾಕಿ. ಇದಾದ ಮೇಲೆ ಪುಸ್ತಕ ತೆರೆದು ಹೋಲಿಸಿ ಹೆಸರು ಬರೆಯಿರಿ. ಹೊಂದದೆ ಉಳಿದ ಕಡೆ ಒಂದು ಪ್ರಶ್ನೆ ಚಿಹ್ನೆ ಹಾಕಿ. ನನಗೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಆಮೇಲೆ ಬಂದ ಪ್ರಶ್ನೆಗಳಲ್ಲಿ ಬಹಳಷ್ಟು ಈ ಚಿಹ್ನೆ ಇದ್ದ ಜಾಗದವೇ.

ಇದನ್ನು ರೂಢಿ ಮಾಡಿಕೊಳ್ಳಲು ಈರುಳ್ಳಿ ಬೇರಿನಿಂದ ಶುರು ಮಾಡಿ. ಕೋಶ ವಿಭಜನೆಯ ಪ್ರಾಕ್ಟಿಕಲ್ ಹೇಗೂ ಇರುತ್ತದೆ. ಆದರೆ ಒಂದು ಮೈಕ್ರೋಸ್ಕೋಪಿಗೆ ಏಳೆಂಟು ಜನ ಮುತ್ತಿಕೊಂಡಾಗ ಯಾರಿಗೂ ಸರಿಯಾಗಿ ಏನೂ ಕಾಣುವುದಿಲ್ಲ. ಹಾಗಾಗಿ ಬೇರು ಬರಿಸುವ ಕೆಲಸ ನೀವೇ ಮನೆಯಲ್ಲೋ ಹಾಸ್ಟೆಲ್‌ನಲ್ಲೋ ಮಾಡಿ, ಬಿಡುವಿನ ಹೊತ್ತಲ್ಲಿ ಲ್ಯಾಬಿಗೆ ತಗೊಂಡು ಹೋಗಿ. ಸಣ್ಣ ಈರುಳ್ಳಿ ಆರಿಸಿ. ಬುಡದ ಒಣ ಬೇರನ್ನು ಬ್ಲೇಡಿನಿಂದ ಮೆಲ್ಲಗೆ ಹೆರೆದು ತೆಗೆಯಿರಿ. ಲೋಟದ ಬಾಯಿ ಮೇಲೆ ಕೂರಿಸಿ, ಬುಡ ಮಾತ್ರ ನೀರಿಗೆ ತಾಗಬೇಕು. ಪೂರ್ತಿ ಮುಳುಗಿದರೆ ಕೊಳೆಯುತ್ತದೆ. ದಿನಾ ನೀರು ಬದಲಿಸಿ. ಮೂರು ನಾಲ್ಕು ದಿನದಲ್ಲಿ ಬಿಳಿ ಬೇರು ಒಂದೆರಡು ಸೆಂಟಿಮೀಟರ್ ಇಳಿದಿರುತ್ತದೆ.

ಮುಂದಿನದು ಲ್ಯಾಬಿನ ಕೆಲಸ, ಮನೆಯಲ್ಲಿ ಬೇಡ. ಬೆಳಿಗ್ಗೆ ಬೇರಿನ ತುದಿ ಕತ್ತರಿಸಿ, ಒಂದು ಪಾಲು ಅಸಿಟಿಕ್ ಆಮ್ಲಕ್ಕೆ ಮೂರು ಪಾಲು ಆಲ್ಕೊಹಾಲ್ ಸೇರಿಸಿದ ದ್ರಾವಣದಲ್ಲಿ ಒಂದು ದಿನ ಇಡಬೇಕು. ಯಾವ ಕೋಶ ಯಾವ ಹಂತದಲ್ಲಿತ್ತೋ ಅಲ್ಲೇ ನಿಂತುಬಿಡುತ್ತದೆ. ಮರುದಿನ ವಾಚ್‌ಗ್ಲಾಸಿನಲ್ಲಿ ಒಂಬತ್ತು ಹನಿ ಅಸಿಟೋಕಾರ್ಮೈನ್ ಬಣ್ಣ, ಒಂದು ಹನಿ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಬೇರನ್ನು ಬೆಚ್ಚಗೆ ಮಾಡಿ. ಕುದಿಯಬಾರದು. ಆಮ್ಲ ಕೋಶಗಳ ನಡುವಿನ ಅಂಟನ್ನು ಸಡಿಲ ಮಾಡುತ್ತದೆ, ಬಣ್ಣ ವರ್ಣತಂತುಗಳಿಗೆ ಹಿಡಿಯುತ್ತದೆ. ಬೇರನ್ನು ಸ್ಲೈಡಿಗೆ ಇಟ್ಟು, ಹೊಸ ಹನಿ ಹಾಕಿ, ಕವರ್‌ಸ್ಲಿಪ್ ಮುಚ್ಚಿ, ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ನೇರವಾಗಿ ಒತ್ತಿ. ಬೆರಳು ಜಾರಿದರೆ ಕೋಶಗಳು ಮಡಚಿಕೊಳ್ಳುತ್ತವೆ.

ನನ್ನ ಮೊದಲ ಎರಡು ಸ್ಲೈಡ್‌ನಲ್ಲಿ ಉದ್ದುದ್ದ ಇಟ್ಟಿಗೆಯಂಥ ಕೋಶಗಳೇ ಇದ್ದವು. ವಿಭಜನೆ ಆಗುತ್ತಿದ್ದದ್ದು ಒಂದೂ ಇಲ್ಲ. ಬಣ್ಣ ಹಳೆಯದು, ಮೈಕ್ರೋಸ್ಕೋಪ್ ಸರಿಯಿಲ್ಲ ಅಂದುಕೊಂಡೆ. ಮೇಡಂ ಬಂದು ನನ್ನ ಬಿಳಿ ಹಾಳೆಯ ಚಿತ್ರ ನೋಡಿ ಕೂಡಲೇ ಹೇಳಿದರು: "ನೀನು ತುದಿ ಬಿಟ್ಟು ಮೇಲಿನ ಭಾಗ ಒತ್ತಿದ್ದೀಯ." ಕೋಶ ಹುಟ್ಟುವುದು ತುದಿಯ ಒಂದೆರಡು ಮಿಲಿಮೀಟರ್‌ನಲ್ಲಿ. ಅದಕ್ಕೇ ಆ ಜಾಗ ಹೆಚ್ಚು ಗಾಢವಾಗಿ ಬಣ್ಣ ಹಿಡಿಯುತ್ತದೆ. ಅದರ ಮೇಲಿನವು ಆಗಲೇ ಹುಟ್ಟಿ ಉದ್ದ ಆಗುತ್ತಿರುವ ಕೋಶಗಳು. ನಾನು ಪುಸ್ತಕದ ಚಿತ್ರ ನಕಲು ಮಾಡಿದ್ದರೆ ಆ ತಪ್ಪು ಮೇಡಂ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ, ಅಲ್ವಾ?

ಮೂರನೇ ಸಲ ತುದಿ ಮಾತ್ರ ಉಳಿಸಿಕೊಂಡೆ. ಚೌಕಾಕಾರದ ಕೋಶಗಳು ಒತ್ತೊತ್ತಾಗಿ ಕಂಡವು. ಬಹುಪಾಲಿನಲ್ಲಿ ಬರೀ ದುಂಡು ಕೋಶಕೇಂದ್ರ. ಸ್ಲೈಡನ್ನು ಕೂದಲೆಳೆಯಷ್ಟು ಸರಿಸುತ್ತಾ ಹೋದೆ. ಒಂದು ಕಡೆ, ಒಂದೇ ಕೋಶದಲ್ಲಿ, ಕೆಂಪು ದಾರದ ಎರಡು ಗೊಂಚಲು ಎದುರು ಬದುರು ತುದಿಗಳಿಗೆ ಸರಿದು ನಿಂತಿದ್ದವು. ದಾರಗಳು ನಡುವೆ ಮಡಚಿಕೊಂಡು ಅವುಗಳ ಬಾಲ ಹಿಂದೆ ಉಳಿದಿತ್ತು, ನೀರಲ್ಲಿ ಎಳೆದುಕೊಂಡು ಹೋದ ಹಾಗೆ. ಅನಾಫೇಸ್, ಅಂದರೆ ವರ್ಣತಂತುಗಳು ಎರಡು ಪಾಲಾಗಿ ದೂರ ಸರಿಯುವ ಹಂತ. ನನ್ನದೇ ಲೋಟದಲ್ಲಿ ಬಂದ ಬೇರು. ಈರುಳ್ಳಿಯ ಕೋಶದಲ್ಲಿ 16 ವರ್ಣತಂತು ಇರುತ್ತವೆ. ಆವತ್ತು ಇನ್ನೊಂದು ಕೋಶದಲ್ಲಿ ಎಣಿಸಲು ಕೂತು 13ರವರೆಗೆ ಎಣಿಸಿದೆ, ಉಳಿದವು ಒಂದರ ಮೇಲೊಂದು ಬಿದ್ದಿದ್ದವು. ಚಿತ್ರದಲ್ಲೂ 13 ಅಂತಲೇ ಬರೆದು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದೆ.

ಇಂಗ್ಲಿಷ್ ಪದಗಳನ್ನು ಒಡೆದು ನೋಡಿ

ಕನ್ನಡ ಮಾಧ್ಯಮದಿಂದ ಬಂದವರಿಗೆ ಕಷ್ಟ ಅನಿಸುವುದು ವಿಷಯಕ್ಕಿಂತ ಪದಗಳು. ಪಿಯುಸಿಯಲ್ಲಿ ಎಷ್ಟೋ ಸಲ ನನಗೆ ಅಳು ಬಂದಿದೆ. ಆಮೇಲೆ ಗೊತ್ತಾಯಿತು, ಇವು ಇಂಗ್ಲಿಷಿನವರಿಗೂ ಹೊಸ ಪದಗಳೇ. ಹೆಚ್ಚಿನವು ಗ್ರೀಕ್, ಲ್ಯಾಟಿನ್‌ನಿಂದ ಬಂದವು. ಒಡೆದರೆ ಸುಲಭ. 'ಫಿಲ್' ಅಂದರೆ ಎಲೆ. 'ಕ್ಲೋರೋ' ಹಸಿರು, 'ಜಾಂಥೋ' ಹಳದಿ, 'ಮೀಸೋ' ನಡು. ಈಗ ಕ್ಲೋರೋಫಿಲ್, ಜಾಂಥೋಫಿಲ್, ಮೀಸೋಫಿಲ್ ಮೂರೂ ಒಟ್ಟಿಗೆ ಬಂದವು. ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಇಂಥ ತುಂಡುಗಳನ್ನು ಮಾತ್ರ ಬರೆದಿಡಿ. ದಿನಕ್ಕೆ ಮೂರು ಸಾಕು. ನನ್ನದು ಪದವಿ ಮುಗಿಯುವಾಗ ಇನ್ನೂರು ದಾಟಿತ್ತು.

ಇನ್ನೊಂದು ಅಭ್ಯಾಸ: ಆವತ್ತಿನ ಪಾಠವನ್ನು ಮನೆಯಲ್ಲಿ ಯಾರಿಗಾದರೂ ಕನ್ನಡದಲ್ಲಿ ಹೇಳಿ. ನಾನು ಅಮ್ಮ ಅಡುಗೆ ಮಾಡುವಾಗ ಹೇಳುತ್ತಿದ್ದೆ. ಅಮ್ಮನಿಗೆ ಅರ್ಥವಾಗದ ಕಡೆ ನನಗೂ ಅರ್ಥ ಆಗಿರಲಿಲ್ಲ ಅನ್ನೋದು ಕೂಡಲೇ ತಿಳಿಯುತ್ತಿತ್ತು.

ನಿಮ್ಮ ಮನೆಯ ಒಂದು ವಿಷಯ ಹಿಡಿಯಿರಿ

ಎಲ್ಲಕ್ಕಿಂತ ಜಾಸ್ತಿ ನನ್ನನ್ನು ಬೆಳೆಸಿದ್ದು ಇದು. ಸಿಲಬಸ್‌ನಲ್ಲಿ ಎಲ್ಲೋ ಒಂದು ಕಡೆ ನಿಮ್ಮ ಮನೆಗೆ ತಾಗುವ ವಿಷಯ ಇದ್ದೇ ಇರುತ್ತದೆ. ಕರಾವಳಿಯವರಿಗೆ ಮೀನು, ಮಂಡ್ಯದವರಿಗೆ ಕಬ್ಬು, ರಾಮನಗರದವರಿಗೆ ರೇಷ್ಮೆ ಹುಳು. ನನಗೆ ಅಡಿಕೆಯ ಕೊಳೆರೋಗ.

ಜೂನ್ ಬಂತೆಂದರೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಕೊಳೆಯದೇ ಮಾತು. ಮಳೆ ಹಿಡಿದರೆ ಎಳೆ ಅಡಿಕೆ ಕಪ್ಪಾಗಿ, ಬಿಳಿ ಬೂಸ್ಟು ಬಂದು ಉದುರುತ್ತದೆ. ಅಪ್ಪ ಮಳೆಗಾಲ ಶುರುವಾಗುವ ಮೊದಲೇ ಒಂದು ಸಲ ಬೋರ್ಡೋ ದ್ರಾವಣ ಹೊಡೆಸುತ್ತಾರೆ, ಸುಮಾರು ನಲವತ್ತು ದಿನ ಬಿಟ್ಟು ಇನ್ನೊಂದು ಸಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಹುಟ್ಟಿದಾಗಿನಿಂದ ಇದನ್ನು ನೋಡಿದ್ದೆ. ಯಾಕೆ ಅಂತ ಒಂದು ದಿನವೂ ಕೇಳಿರಲಿಲ್ಲ.

ಎರಡನೇ ವರ್ಷ ಕ್ಲಾಸಿನಲ್ಲಿ ಫೈಟಾಪ್ತೊರಾ ಅಂತ ಹೆಸರು ಬಂತು. ಒಡೆದು ನೋಡಿದೆ: 'ಫೈಟೋ' ಗಿಡ, 'ಪ್ತೊರಾ' ನಾಶ. ಕೊಳೆರೋಗ ತರುವುದು ಇದೇ. ಎಲ್ಲರೂ ಶಿಲೀಂಧ್ರ ಅನ್ನುತ್ತಾರೆ. ಆದರೆ ಅಣಬೆ ಜಾತಿಗಿಂತ ಇದು ಸಮುದ್ರದ ಕಂದು ಪಾಚಿಗೆ ಹತ್ತಿರದ ಸಂಬಂಧಿ. ಇದರ ಕೋಶದ ಗೋಡೆಯಲ್ಲಿ ಸೆಲ್ಯುಲೋಸ್ ಇದೆ. ಇದರ ಬೀಜಾಣುಗಳಿಗೆ ಎರಡು ಬಾಲ, ನೀರಿನಲ್ಲಿ ಈಜುತ್ತವೆ. ಓದುತ್ತಿದ್ದಂತೆ ನಮ್ಮ ತೋಟ ಕಣ್ಣ ಮುಂದೆ ಬಂತು. ಮಳೆಗಾಲದಲ್ಲೇ ಯಾಕೆ ಹರಡುತ್ತದೆ ಅಂದರೆ, ಅಡಿಕೆಯ ಮೇಲಿನ ನೀರಿನ ಪಸೆಯೇ ಅದಕ್ಕೆ ದಾರಿ.

ಆ ಜುಲೈಯಲ್ಲಿ ಉದುರಿದ ನಾಲ್ಕು ಅಡಿಕೆಯನ್ನು ಡಬ್ಬಿಯಲ್ಲಿ ಹಾಕಿಕೊಂಡು ಲ್ಯಾಬಿಗೆ ಹೋದೆ. ಬೂಸ್ಟನ್ನು ಸೂಜಿಯಲ್ಲಿ ತೆಗೆದು ತಣ್ಣನೆಯ ನೀರಿನ ಹನಿಗೆ ಇಟ್ಟು ನೋಡಿದರೆ, ಪುಟ್ಟ ಪುಟ್ಟ ನಿಂಬೆಹಣ್ಣಿನಂಥ ಚೀಲಗಳು. ಅರ್ಧ ಗಂಟೆ ಕಾದೆ. ಒಂದರ ತುದಿ ತೆರೆದುಕೊಂಡಿತು. ಒಳಗಿನಿಂದ ಚುಕ್ಕೆಗಳು ಒಂದರ ಹಿಂದೊಂದು ಹೊರಬಿದ್ದು ಗಿರ್ರನೆ ಸುತ್ತುತ್ತಾ ಈಜಿ ಹೋದವು. ಅಟೆಂಡರ್ ಅಣ್ಣನನ್ನು ಕರೆದು ತೋರಿಸಿದೆ. ಅವರದೂ ಅರ್ಧ ಎಕರೆ ತೋಟ ಇದೆ. ತುಂಬಾ ಹೊತ್ತು ಅವರು ಕಣ್ಣು ತೆಗೆಯಲಿಲ್ಲ.

ಮನೆಗೆ ಬಂದು ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಹಾಗಾದ್ರೆ ಕೊಳೆ ಬಂದ ಮೇಲೆ ಔಷಧಿ ಹೊಡೆದ್ರೆ ಆ ಕಾಯಿ ಯಾಕೆ ಉಳಿಯಲ್ಲ, ಹೇಳು ನೋಡೋಣ?" ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತಲೇ ಹೇಳಿ, ಬರೆದುಕೊಂಡು ಹೋಗಿ ಮೇಡಂ ಹತ್ತಿರ ಕೇಳಿದೆ. ತಾಮ್ರ ಅಡಿಕೆಯ ಮೇಲ್ಮೈಯಲ್ಲಿ ಕೂತಿರುತ್ತದೆ. ಅಲ್ಲಿಗೆ ಬಂದ ಬೀಜಾಣು ಮೊಳೆಯದಂತೆ ತಡೆಯುತ್ತದೆ. ಒಮ್ಮೆ ರೋಗ ಕಾಯಿಯ ಒಳಗೆ ಇಳಿದರೆ ಮೇಲಿನ ತಾಮ್ರ ಅದನ್ನು ಮುಟ್ಟುವುದಿಲ್ಲ. ಉತ್ತರ ತಂದು ಹೇಳಿದಾಗ ಅಪ್ಪ ತಮ್ಮ ಕಡೆಯಿಂದ ಒಂದು ಪಾಠ ಹೇಳಿಕೊಟ್ಟರು: ಬೋರ್ಡೋ ಕಲಸಿದ ಮೇಲೆ ಕಬ್ಬಿಣದ ಕತ್ತಿ ಅದ್ದಿ ನೋಡಬೇಕು, ಕತ್ತಿ ಕೆಂಪಗಾದರೆ ಸುಣ್ಣ ಸಾಲದು. ಕಬ್ಬಿಣ ತಾಮ್ರವನ್ನು ದ್ರಾವಣದಿಂದ ಹೊರಗೆ ತಳ್ಳುತ್ತದೆ ಅಂತ ಕೆಮಿಸ್ಟ್ರಿಯಲ್ಲಿ ಓದಿದ್ದೆನಲ್ಲ, ಅದೇ ಇದು. ಅಪ್ಪನಿಗೆ ಅದು ಮೂವತ್ತು ವರ್ಷದಿಂದ ಗೊತ್ತಿತ್ತು.

ಇಷ್ಟಾದ ಮೇಲೆ ಹಳೆಯದನ್ನೂ ಹುಡುಕುವ ಆಸೆ ಬಂತು. ಫ್ರಾನ್ಸಿನ ಬೋರ್ಡೋ ಪ್ರದೇಶದ ದ್ರಾಕ್ಷಿ ತೋಟಗಳ ರೋಗಕ್ಕೆ 1885ರ ಸುಮಾರಿಗೆ ಮಿಲಾರ್ಡೆ ಅನ್ನುವ ಸಸ್ಯವಿಜ್ಞಾನಿ ಪ್ರಚಾರಕ್ಕೆ ತಂದ ಮಿಶ್ರಣ ಇದು. ದ್ರಾಕ್ಷಿಯ ಆ ರೋಗದ ಜೀವಿಯೂ ಫೈಟಾಪ್ತೊರಾದ ಬಳಗದ್ದೇ. ನಮ್ಮ ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಕೆಲಸಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ಅದರ ಮೇಲೆ ವರದಿ ಬರೆದರು. ಮಳೆ ತಾಗದಂತೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟಿ ಗೊನೆ ಉಳಿಸಿಕೊಳ್ಳುತ್ತಿದ್ದ ಕಾಲ ಅದು.

ಆ ಸೆಮಿಸ್ಟರ್‌ನ ಸೆಮಿನಾರಿಗೆ ಕೊಳೆರೋಗವನ್ನೇ ತಗೊಂಡೆ. ಇಂಗ್ಲಿಷಿನಲ್ಲಿ ಹದಿನೈದು ನಿಮಿಷ ಮಾತಾಡಬೇಕಿತ್ತು. ಅದಕ್ಕೂ ಮುಂಚೆ ಕ್ಲಾಸಿನಲ್ಲಿ ಎದ್ದು ಒಂದು ಪ್ರಶ್ನೆ ಕೇಳಿದವಳೂ ಅಲ್ಲ ನಾನು. ವ್ಯಾಕರಣ ತಪ್ಪಿತು, ಎರಡು ಕಡೆ ಕನ್ನಡಕ್ಕೆ ಹೊರಳಿದೆ. ಆದರೆ ನಿಲ್ಲಲಿಲ್ಲ, ಯಾಕೆಂದರೆ ಹೇಳುತ್ತಿದ್ದದ್ದನ್ನು ನಾನೇ ನೋಡಿದ್ದೆ. ನಿಮಗೂ ಮಾತಾಡಲು ಭಯ ಇದ್ದರೆ, ಮೊದಲು ನೀವೇ ಕಣ್ಣಾರೆ ನೋಡಿದ ಒಂದು ವಿಷಯ ಆರಿಸಿಕೊಳ್ಳಿ.

ಪರೀಕ್ಷೆ ಮತ್ತು ಅರ್ಜಿ

ಥಿಯರಿಗೆ ಹಳೆಯ ಪ್ರಶ್ನೆಪತ್ರಿಕೆ ಐದು ವರ್ಷದ್ದು ಬಿಡಿಸಿ. ಸ್ಪಾಟರ್ಸ್‌ಗೆ (ಇಟ್ಟ ಮಾದರಿ ನೋಡಿ ಗುರುತಿಸುವ ಪರೀಕ್ಷೆಗೆ) ವಾರಕ್ಕೊಮ್ಮೆ ಮ್ಯೂಸಿಯಂ ಕಪಾಟಿನ ಮುಂದೆ ನಿಂತು, ಬಾಟಲಿಯ ಚೀಟಿ ಮುಚ್ಚಿಕೊಂಡು ಗುರುತಿಸಿ. ಇಷ್ಟು ಮಾಡಿದರೆ ಸಾಕು.

ಅರ್ಜಿಗಳ ವಿಷಯದಲ್ಲಿ ಮಾತ್ರ ಸಂಕೋಚ ಬೇಡ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆಯಲ್ಲಿ ಎರಡು ತಿಂಗಳ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಅದರ ಕೆಲಸ ನಡೆಯುವುದು ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನಿಂದ. ಬೇಸಿಗೆಯದಾದರೂ ಅರ್ಜಿ ಹಾಕುವುದು ಹಿಂದಿನ ವರ್ಷದ ಕೊನೆಯಲ್ಲೇ, ಆದ್ದರಿಂದ ಅಕ್ಟೋಬರ್‌ನಿಂದಲೇ ಅವರ ವೆಬ್‌ಸೈಟ್ ನೋಡುತ್ತಿರಿ. ಅಂಕಪಟ್ಟಿ, ಅಧ್ಯಾಪಕರ ಶಿಫಾರಸು ಪತ್ರ, ಏನು ಮಾಡಬೇಕೆಂದಿದ್ದೀರಿ ಅನ್ನುವ ಚಿಕ್ಕ ಬರಹ ಬೇಕು. ಸಣ್ಣ ಊರಿನ ಕಾಲೇಜು ಅಂತ ಸುಮ್ನೆ ಹಿಂಜರಿಯಬೇಡಿ.

ನಾನು ಎರಡನೇ ವರ್ಷ ಹಾಕಿದಾಗ ಸಿಗಲಿಲ್ಲ. ಆಗ ಬರೆದದ್ದು "ನನಗೆ ಜೀವಶಾಸ್ತ್ರದಲ್ಲಿ ತುಂಬಾ ಆಸಕ್ತಿ" ಅನ್ನುವ ಥರದ ಮಾತುಗಳು. ಎಂಎಸ್ಸಿ ಮೊದಲ ವರ್ಷ ಮತ್ತೆ ಹಾಕಿದೆ. ಈ ಸಲ ನಿಂಬೆಹಣ್ಣಿನಂಥ ಚೀಲ ತೆರೆದುಕೊಂಡ ಅರ್ಧ ಗಂಟೆಯ ಬಗ್ಗೆ, ಅಪ್ಪನ ಪ್ರಶ್ನೆಯ ಬಗ್ಗೆ ಬರೆದೆ. ಸಿಕ್ಕಿತು. ಮೊದಲ ದಿನ ಲ್ಯಾಬಿನಲ್ಲಿ ಗೈಡ್ ನನ್ನ ಅಂಕಪಟ್ಟಿ ನೋಡಲಿಲ್ಲ. "ಆ ಚಿತ್ರಗಳು ಇವೆಯಾ? ತಂದಿದ್ದೀಯಾ?" ಅಂತ ಕೇಳಿದರು. ಬ್ಯಾಗಿನಿಂದ ತೆಗೆದು ಕೊಟ್ಟೆ. ಒಂದು ಪುಟದಲ್ಲಿ ಮೈಲುತುತ್ತದ ನೀಲಿ ಕಲೆ ಹಾಗೇ ಇತ್ತು.