ನಾಲ್ಕು ಮನೆಯ ಚೌಕ ಕಟ್ಟುವ ಬಗೆ

ಸಂಗತಿಗಳನ್ನು ವಿಂಗಡಿಸಲು ‘ತುರ್ತು–ತುರ್ತಲ್ಲದ’ ರೀತಿಯ ಎರಡು ವಿರುದ್ಧ ಜೋಡಿಗಳನ್ನು ಅಡ್ಡಕ್ಕೊಂದು, ಉದ್ದಕ್ಕೊಂದು ಇಟ್ಟರೆ ನಾಲ್ಕು ಮನೆ ಸಿಗುತ್ತವೆ. ಗೆರೆ ಎಳೆಯುವುದು ಸುಲಭ, ಜೋಡಿ ಆರಿಸುವುದೇ ಕಷ್ಟ.

ವಿಂಗಡಿಸಬೇಕಾದ ಹತ್ತು ಹನ್ನೆರಡು ಸಂಗತಿಗಳನ್ನು ಚೀಟಿಗಳಲ್ಲಿ ಬರೆಯಿರಿ. ಯಾವುದಾದರೂ ಎರಡು ಚೀಟಿ ಎತ್ತಿಕೊಂಡು, ಇವು ಯಾವುದರಲ್ಲಿ ಎದುರುಬದುರು ಎಂದು ಕೇಳಿಕೊಳ್ಳಿ. ಹೀಗೆ ಐದಾರು ಜೋಡಿ ಸೇರಿದ ಮೇಲೆ ಎರಡನ್ನು ಉಳಿಸಿಕೊಳ್ಳಿ.

ಆ ಎರಡೂ ಒಂದಕ್ಕೊಂದು ಅಂಟಿಕೊಂಡಿರಬಾರದು. ಕೆಲಸಗಳನ್ನು ‘ಸುಲಭ–ಕಷ್ಟ’, ‘ಬೇಗ ಮುಗಿಯುವ–ತಡವಾಗುವ’ ಎಂದು ಹಂಚಿ ನೋಡಿ: ಹೆಚ್ಚಿನ ಚೀಟಿಗಳು ಎರಡೇ ಮೂಲೆಗಳಲ್ಲಿ ಗುಂಪಾಗುತ್ತವೆ. ಅದು ಓರೆಯಾಗಿ ಎಳೆದ ಒಂದೇ ಗೆರೆ, ಚೌಕವಲ್ಲ. ‘ತುರ್ತು–ತುರ್ತಲ್ಲದ’, ‘ಮುಖ್ಯ–ಮುಖ್ಯವಲ್ಲದ’ ಎಂಬ ಚೌಕ ಗಟ್ಟಿಯಾಗಿ ನಿಲ್ಲುತ್ತದೆ. ತುರ್ತಾಗಿದ್ದೂ ಮುಖ್ಯವಲ್ಲದ ಕೆಲಸಗಳು ಬೇಕಾದಷ್ಟಿವೆ. ‘ಒಳ್ಳೆಯ–ಕೆಟ್ಟ’ ಎಂಬುದನ್ನಂತೂ ಬಿಟ್ಟುಬಿಡಿ. ಎಲ್ಲರೂ ಒಳ್ಳೆಯ ಮೂಲೆಗೇ ಮುಗಿಬೀಳುತ್ತಾರೆ.

ವಿರೋಧದಲ್ಲೂ ಎರಡು ಬಗೆ. ‘ಬಿಸಿ–ತಂಪು’ ನಡುವೆ ಉಗುರುಬೆಚ್ಚಗಿನದು ಇದೆ. ‘ಬಿಸಿ–ಬಿಸಿಯಲ್ಲದ್ದು’ ನಡುವೆ ಜಾಗವೇ ಇಲ್ಲ. ಮೊದಲ ಬಗೆಯಾದರೆ ಗಡಿ ಎಲ್ಲಿ ಎಂಬುದನ್ನು ಮುಂಚೆಯೇ ಬರೆದಿಡಿ. ಇಲ್ಲದಿದ್ದರೆ ಒಂದೇ ಚೀಟಿ ಇಂದು ಒಂದು ಮನೆಗೆ, ನಾಳೆ ಇನ್ನೊಂದಕ್ಕೆ ಹೋಗುತ್ತದೆ.

ಈಗ ಕರ್ಣವನ್ನು, ಅಂದರೆ ಓರೆಯಾಗಿ ಎದುರುಬದುರಿರುವ ಮನೆಗಳನ್ನು, ನೋಡಿ. ಪ್ರಾಚೀನ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನ ನಾಲ್ಕು ಮೂಲವಸ್ತುಗಳ ಚೌಕದಲ್ಲಿ ಬೆಂಕಿ ಬಿಸಿ ಮತ್ತು ಒಣ, ಗಾಳಿ ಬಿಸಿ ಮತ್ತು ತೇವ, ನೀರು ತಂಪು ಮತ್ತು ತೇವ, ಮಣ್ಣು ತಂಪು ಮತ್ತು ಒಣ. ಪಕ್ಕದ ಮನೆಗಳಿಗೆ ಒಂದು ಗುಣ ಸಮಾನ, ಕರ್ಣದ ಮನೆಗಳಿಗೆ ಒಂದೂ ಇಲ್ಲ. ಅದಕ್ಕೇ ಬೆಂಕಿ ಗಾಳಿಯಾಗುವುದು ಸುಲಭ, ನೀರಾಗುವುದು ಕಷ್ಟ ಎಂದು ಅವನ ವಾದ. ಮೊದಲನೆಯದಕ್ಕೆ ಒಂದು ಗುಣ ಬದಲಾದರೆ ಸಾಕು, ಎರಡನೆಯದಕ್ಕೆ ಎರಡೂ ಬದಲಾಗಬೇಕು. ನಿಮ್ಮ ಚೌಕದಲ್ಲಿ ಕರ್ಣದ ಚೀಟಿಗಳು ಪಕ್ಕದವಕ್ಕಿಂತ ಹತ್ತಿರವೆನಿಸಿದರೆ ಯಾವುದೋ ಚೀಟಿ ತಪ್ಪು ಮನೆಯಲ್ಲಿದೆ, ಇಲ್ಲವೇ ಬೇರೊಂದು ಜೋಡಿ ಹೆಚ್ಚು ಮುಖ್ಯ.

ಮನೆ ಖಾಲಿ ಉಳಿದರೆ ಗಾಬರಿ ಬೇಡ, ಕಾರಣ ಹುಡುಕಿ. ಜೋಡಿಗಳು ಅಂಟಿಕೊಂಡಿರಬಹುದು, ಉದಾಹರಣೆ ಇನ್ನೂ ಹೊಳೆದಿರಲಿಕ್ಕಿಲ್ಲ. ಕೆಲವೊಮ್ಮೆ ಖಾಲಿತನವೇ ಸರಿ: ಜೋಸೆಫ್ ಲುಫ್ಟ್, ಹ್ಯಾರಿಂಗ್ಟನ್ ಇಂಗಮ್ 1955ರಲ್ಲಿ ರೂಪಿಸಿದ, ನನ್ನ ಬಗ್ಗೆ ನನಗೆಷ್ಟು ಗೊತ್ತು, ಇತರರಿಗೆಷ್ಟು ಗೊತ್ತು ಎಂದು ಹಂಚುವ ಜೊಹಾರಿ ಕಿಟಕಿ ಎಂಬ ಚೌಕದಲ್ಲಿ ‘ನನಗೂ ಗೊತ್ತಿಲ್ಲ, ಇತರರಿಗೂ ಗೊತ್ತಿಲ್ಲ’ ಎಂಬ ಮನೆಗೆ ಕೂತಲ್ಲೇ ಉದಾಹರಣೆ ಕೊಡಲಾಗದು.

ಮನೆಗಳಿಗೆ ಹೆಸರಿಡುವುದು ಕೊನೆಗೆ. ಮೊದಲೇ ಇಟ್ಟರೆ ಚೀಟಿಗಳು ಗುಣ ನೋಡದೆ ಹೆಸರಿನ ಹಿಂದೆ ಹೋಗುತ್ತವೆ. ಮೂರು ನಾಲ್ಕು ಚೀಟಿ ಎಲ್ಲಿಯೂ ಕೂರದಿದ್ದರೆ ಒಂದು ಜೋಡಿಯನ್ನು ಮಾತ್ರ ಬದಲಿಸಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ದೋಷ ಯಾವುದರಲ್ಲಿತ್ತೆಂದು ತಿಳಿಯುವುದಿಲ್ಲ.