ಹೋಮ್ ಫೋಲ್ಡರ್ ಎನ್‌ಕ್ರಿಪ್ಟ್ ಮಾಡುವಾಗ ಪಾಸ್‌ಫ್ರೇಸ್ ಕೈಕೊಟ್ಟರೆ

ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯಾದ ಉಬುಂಟುವಿನ 18.04ನೇ ಆವೃತ್ತಿಯಿಂದ, ಬಳಕೆದಾರರ ಕಡತಗಳಿರುವ ಹೋಮ್ ಫೋಲ್ಡರನ್ನು ಗುಟ್ಟಿನ ಪದವಿಲ್ಲದೆ ಓದಲಾಗದಂತೆ ಎನ್‌ಕ್ರಿಪ್ಟ್ ಮಾಡುವ ಆಯ್ಕೆ ಇನ್‌ಸ್ಟಾಲರಿನಲ್ಲಿ ಇಲ್ಲವಾದ್ದರಿಂದ, ಈಗಲೂ ಅದು ಬೇಕೆನ್ನುವವರು ಇನ್ನೊಂದು ಅಡ್ಮಿನ್ ಖಾತೆಯಿಂದ 'ಇಕ್ರಿಪ್ಟ್‌ಎಫ್‌ಎಸ್-ಮೈಗ್ರೇಟ್-ಹೋಮ್' ಆದೇಶವನ್ನು ಚಲಾಯಿಸಬೇಕಾಗುತ್ತದೆ. ಇಲ್ಲಿ ಗುಟ್ಟಿನ ಪದಗಳು ಎರಡು. ಕಡತಗಳಿಗೆ ಬೀಗ ಹಾಕುವುದು 32 ಅಕ್ಷರಗಳ ಮೌಂಟ್ ಪಾಸ್‌ಫ್ರೇಸ್; ನಾವು ದಿನವೂ ಟೈಪಿಸುವ ಲಾಗಿನ್ ಪಾಸ್‌ವರ್ಡ್ ಆ ಪಾಸ್‌ಫ್ರೇಸನ್ನು ಬಚ್ಚಿಟ್ಟ 'ರ‍್ಯಾಪ್ಡ್-ಪಾಸ್‌ಫ್ರೇಸ್' ಎಂಬ ಕಡತವನ್ನು ಮಾತ್ರ ತೆರೆಯುತ್ತದೆ.

ಈ ಆದೇಶದ ಆರಂಭದಲ್ಲೇ ಪಾಸ್‌ವರ್ಡ್ ತಪ್ಪೆಂದು ಬಂದರೆ ಮೊದಲು ಕೀಲಿಮಣೆಯನ್ನು ಅನುಮಾನಿಸಿ. ಜಯನಗರದಲ್ಲಿರುವ ನಮ್ಮ ಚಿಕ್ಕಪ್ಪನವರು ಸರಿಯಾದ ಪಾಸ್‌ವರ್ಡನ್ನೇ ನಾಲ್ಕು ಸಲ ಕೊಟ್ಟರೂ ಅದು ಒಪ್ಪಲಿಲ್ಲ. ನೋಡಿದರೆ ಪರದೆಯ ಮೂಲೆಯಲ್ಲಿ 'ಕನ್ನಡ' ಎಂದಿತ್ತು. ಆದೇಶಗಳನ್ನು ಟೈಪಿಸುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಪಾಸ್‌ವರ್ಡ್ ಟೈಪಿಸುವಾಗ ಚುಕ್ಕೆಯೂ ಮೂಡದ ಕಾರಣ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಟೆಕ್ಸ್ಟ್ ಎಡಿಟರಿನಲ್ಲಿ ಒಮ್ಮೆ ಟೈಪಿಸಿ, ಕಂಡದ್ದನ್ನು ಪರೀಕ್ಷಿಸಿ, ಉಳಿಸದೆ ಮುಚ್ಚಿಬಿಡಿ.

ಲಾಗಿನ್ ಆದರೂ ನಿಮ್ಮ ಕಡತಗಳ ಬದಲು ರೀಡ್‌ಮಿ ಎಂಬ ಸೂಚನೆಯ ಕಡತವೂ ಒಂದು ಶಾರ್ಟ್‌ಕಟ್ಟೂ ಮಾತ್ರ ಕಾಣುತ್ತಿದ್ದರೆ ತೊಂದರೆ ಬೇರೆ. ಬಹುಮಟ್ಟಿಗೆ ಯಾರೋ ಅಡ್ಮಿನ್ ಖಾತೆಯಿಂದ ನಿಮ್ಮ ಪಾಸ್‌ವರ್ಡನ್ನು ಬದಲಿಸಿರುತ್ತಾರೆ; ಹಾಗೆ ಮಾಡಿದಾಗ ಹಳೆಯದು ಯಾವುದೆಂದು ವ್ಯವಸ್ಥೆಗೆ ತಿಳಿಯದೆ, ಬಚ್ಚಿಟ್ಟ ಪಾಸ್‌ಫ್ರೇಸ್ ಹಳೆಯ ಪಾಸ್‌ವರ್ಡಿಗೇ ಅಂಟಿಕೊಂಡಿರುತ್ತದೆ. ಹಳೆಯದು ನೆನಪಿದ್ದರೆ 'ಇಕ್ರಿಪ್ಟ್‌ಎಫ್‌ಎಸ್-ರೀರ‍್ಯಾಪ್-ಪಾಸ್‌ಫ್ರೇಸ್' ಆದೇಶಕ್ಕೆ ಆ ಕಡತವನ್ನು ತೋರಿಸಿ, ಹಳೆಯದನ್ನೂ ಹೊಸದನ್ನೂ ಕೊಟ್ಟರೆ ಸಾಕು. ಮರೆತಿದ್ದರೆ ಆ ಕಡತದ ಒಂದು ನಕಲನ್ನು ತೆಗೆದಿಟ್ಟುಕೊಂಡು, ಮೌಂಟ್ ಪಾಸ್‌ಫ್ರೇಸನ್ನು ಹೊಸ ಪಾಸ್‌ವರ್ಡಿನಿಂದ 'ಇಕ್ರಿಪ್ಟ್‌ಎಫ್‌ಎಸ್-ರ‍್ಯಾಪ್-ಪಾಸ್‌ಫ್ರೇಸ್' ಮೂಲಕ ಮತ್ತೆ ಕಟ್ಟಬೇಕು. ಅದೂ ಇಲ್ಲವೆಂದರೆ ಎಸ್‌.ಪಿ. ರಸ್ತೆಯ ಯಾವ ಕಂಪ್ಯೂಟರ್ ಅಂಗಡಿಗೆ ಒಯ್ದರೂ ಕಡತಗಳು ಮರಳುವುದಿಲ್ಲ.

ಆದ್ದರಿಂದ ಮೊದಲು ಹೇಳಿದ ಮೈಗ್ರೇಟ್ ಆದೇಶದ ಕೆಲಸ ಮುಗಿದೊಡನೆ, ಯಂತ್ರವನ್ನು ರೀಬೂಟ್ ಮಾಡುವ ಮುನ್ನವೇ ಒಮ್ಮೆ ಲಾಗಿನ್ ಆಗಿ, 'ಇಕ್ರಿಪ್ಟ್‌ಎಫ್‌ಎಸ್-ಅನ್‌ರ‍್ಯಾಪ್-ಪಾಸ್‌ಫ್ರೇಸ್' ತೋರಿಸುವ 32 ಅಕ್ಷರಗಳನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ತಾನಾಗಿ ಸೃಷ್ಟಿಯಾದ ಆ ಸಾಲಿನಲ್ಲಿ ಅಂಕಿಗಳೂ 'ಎ'ಯಿಂದ 'ಎಫ್'ವರೆಗಿನ ಇಂಗ್ಲಿಷ್ ಅಕ್ಷರಗಳೂ ಮಾತ್ರ ಇರುತ್ತವೆ. ಹೀಗಾಗಿ ಮುಂದೆಂದಾದರೂ ಕೈಬರಹದಲ್ಲಿ ದುಂಡನೆಯ ಗುರುತು ಕಂಡರೆ ಅದು ಸೊನ್ನೆಯೇ ಹೊರತು 'ಓ' ಅಲ್ಲ, ನೆಟ್ಟಗಿನ ಗೆರೆ ಒಂದೇ ಹೊರತು 'ಎಲ್' ಅಲ್ಲ.